ಕುಡುವಿನ ಕೊಂಬಿಗೆ ಮೊದಲು ಬೇಲಿಯ ಅಳತೆ: ಆಫ್ರಿಕಾದ ದಕ್ಷಿಣದಲ್ಲಿ ಬೇಟೆಗೆ ಔಟ್‌ಫಿಟರ್ ಆರಿಸುವ ಬಗೆ

ಆಫ್ರಿಕಾದಲ್ಲಿ ಬೇಟೆಯಾಡಬೇಕು ಎಂದುಕೊಂಡವರು ಮೊದಲು ತೆರೆಯುವುದು ದರಪಟ್ಟಿ. ಬೇಟೆ ಏರ್ಪಡಿಸಿಕೊಡುವ ನಾಲ್ಕು ಔಟ್‌ಫಿಟರ್ ಕಂಪನಿಗಳ ಪಟ್ಟಿ ಪಕ್ಕಪಕ್ಕ ಇಟ್ಟು, ಕುಡುಗೆ (ತಿರುಚು ಕೊಂಬಿನ, ಜಿಂಕೆಯಂಥ ದೊಡ್ಡ ಪ್ರಾಣಿ) ಯಾರು ಕಡಿಮೆ ಹೇಳಿದ್ದಾರೆ ನೋಡಿ, ಅವರಿಗೇ ಮುಂಗಡ ಕಳಿಸಿಬಿಡುತ್ತಾರೆ. ಆ ಕುಡು ಎಷ್ಟು ದೊಡ್ಡ ಜಾಗದಲ್ಲಿದೆ, ಎಷ್ಟು ವರ್ಷದಿಂದ ಅಲ್ಲಿದೆ, ನಿಮ್ಮ ಮುಂದೆ ಜಾಡು ಹಿಡಿದು ನಡೆಯುವವರಿಗೆ ಆ ನೆಲ ಎಷ್ಟು ಗೊತ್ತು ಎಂಬುದು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಬೇಟೆ ಚೆನ್ನಾಗಿತ್ತೋ ಕೆಟ್ಟಿತೋ ಎಂಬುದು ಮಾತ್ರ ಈ ಮೂರರ ಮೇಲೇ ನಿಂತಿರುತ್ತದೆ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿಯ ಬಾಗಿಲು ಮುಚ್ಚಿದೆ. ಹಾಗಾಗಿ ಇದು ಮುಖ್ಯವಾಗಿ ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಕಡೆ ನೆಲೆಸಿ, ಅಲ್ಲಿನ ಕಾನೂನಿನಂತೆ ರೈಫಲ್ ಇಟ್ಟುಕೊಂಡ ಕನ್ನಡಿಗರಿಗೆ. ಟೆಕ್ಸಾಸ್‌ನಲ್ಲಿರುವವರಿಗೆ ಬೇಲಿಯೊಳಗಿನ ಬೇಟೆ ಹೊಸದೇನಲ್ಲ. ನಮ್ಮ ರಾಣೆಬೆನ್ನೂರಿನ ಕೃಷ್ಣಮೃಗದ ನೆಂಟರೇ ಅಲ್ಲಿನ ರಾಂಚುಗಳಲ್ಲಿ ದುಡ್ಡಿಗೆ ಬೇಟೆಯಾಗುತ್ತಿವೆ.

ಇಲ್ಲಿ ಹೇಳುತ್ತಿರುವುದು ಪ್ಲೇನ್ಸ್ ಗೇಮ್ ಬೇಟೆಯ ಮಾತು. ಪ್ಲೇನ್ಸ್ ಗೇಮ್ ಎಂದರೆ ಆನೆ, ಸಿಂಹ, ಚಿರತೆ, ಕಾಡೆಮ್ಮೆಗಳಂಥ ಅಪಾಯದ ಪ್ರಾಣಿಗಳನ್ನು ಬಿಟ್ಟು ಉಳಿದದ್ದು: ಕುಡು, ಇಂಪಾಲಾ, ಗೆಮ್ಸ್‌ಬಾಕ್, ವೈಲ್ಡ್‌ಬೀಸ್ಟ್, ಜೀಬ್ರಾ, ವಾರ್ಟ್‌ಹಾಗ್, ಇಂಥವು. ಯಾವುದು ಬೇಕು ಎನ್ನುವುದರ ಮೇಲೆ ಜಾಗ ನಿರ್ಧಾರವಾಗಬೇಕು. ದಕ್ಷಿಣ ಆಫ್ರಿಕಾದ ಲಿಂಪೊಪೊ ಪ್ರಾಂತ್ಯದ ಮುಳ್ಳುಕುರುಚಲಲ್ಲಿ ಕುಡು, ಇಂಪಾಲಾ, ವಾಟರ್‌ಬಾಕ್. ಫ್ರೀ ಸ್ಟೇಟ್‌ನ ಬಯಲಲ್ಲಿ ಕಪ್ಪು ವೈಲ್ಡ್‌ಬೀಸ್ಟ್, ಬ್ಲೆಸ್‌ಬಾಕ್. ಈಸ್ಟರ್ನ್ ಕೇಪ್‌ನಲ್ಲಿ ಸ್ಪ್ರಿಂಗ್‌ಬಾಕ್, ಗುಡ್ಡಗಳ ಮೇಲೆ ಮೌಂಟನ್ ರೀಡ್‌ಬಾಕ್. ಅಲ್ಲಿ ಮಲೇರಿಯಾ ಇಲ್ಲ, ಮಕ್ಕಳನ್ನು ಕರೆದೊಯ್ಯುವವರಿಗೆ ಅದೊಂದು ಅನುಕೂಲ. ಆದರೆ ಅಲ್ಲಿನ ಕುಡು ಗಾತ್ರದಲ್ಲೂ ಕೊಂಬಿನಲ್ಲೂ ಲಿಂಪೊಪೊದ್ದಕ್ಕಿಂತ ಸಣ್ಣದು. ಗೆಮ್ಸ್‌ಬಾಕ್ ಮತ್ತು ಹಾರ್ಟ್‌ಮನ್ ಬೆಟ್ಟದ ಜೀಬ್ರಾ ಬೇಕಿದ್ದರೆ ನಮೀಬಿಯಾ. ಒಂದೇ ಫಾರ್ಮಿನಲ್ಲಿ ಇವೆಲ್ಲವೂ ಸಿಗುತ್ತವೆ, ಮೂವತ್ತು ಜಾತಿ ನಮ್ಮಲ್ಲಿವೆ ಎನ್ನುವವರ ಹತ್ತಿರ ಅರ್ಧದಷ್ಟು ಲಾರಿಯಲ್ಲಿ ಬಂದಿರುತ್ತವೆ.

ಇಲ್ಲಿಂದ ಬೇಲಿಯ ಮಾತು. ದಕ್ಷಿಣ ಆಫ್ರಿಕಾದ 1991ರ ಗೇಮ್ ತೆಫ್ಟ್ ಕಾಯ್ದೆಯ ಪ್ರಕಾರ ಸರಿಯಾಗಿ ಬೇಲಿ ಹಾಕಿ ಪ್ರಮಾಣಪತ್ರ ಪಡೆದ ನೆಲದಲ್ಲಿನ ವನ್ಯಪ್ರಾಣಿಗೆ ಭೂಮಾಲೀಕರ ಒಡೆತನ ಉಳಿಯುತ್ತದೆ. ಆದ್ದರಿಂದ ಅಲ್ಲಿ ಹೆಚ್ಚಿನ ಬೇಟೆ ಎಂಟಡಿ ಎತ್ತರದ ಬೇಲಿಯೊಳಗೇ ನಡೆಯುತ್ತದೆ. ನಮೀಬಿಯಾದಲ್ಲಿ ಬರೀ ದನದ ಬೇಲಿ ಇರುವ ದೊಡ್ಡ ಫಾರ್ಮುಗಳು ಇನ್ನೂ ಬೇಕಾದಷ್ಟಿವೆ. ಕುಡು ಆ ಬೇಲಿಯನ್ನು ನಿಂತಲ್ಲಿಂದಲೇ ಹಾರುತ್ತದೆ, ವಾರ್ಟ್‌ಹಾಗ್ ಕೆಳಗೆ ಬಗೆದು ನುಸುಳುತ್ತದೆ. ಎತ್ತರದ ಬೇಲಿ ಎಂದಾಕ್ಷಣ ಮೂಗು ಮುರಿಯಬೇಕಿಲ್ಲ. ನಾಲ್ಕು ಸಾವಿರ ಹೆಕ್ಟೇರಿನ, ಎಂದರೆ ಸುಮಾರು ಹತ್ತು ಸಾವಿರ ಎಕರೆಯ ಕುರುಚಲಲ್ಲಿ ವಾರವಿಡೀ ನಡೆದರೂ ಬೇಲಿ ಕಾಣದೆ ಹೋಗಬಹುದು. ಇನ್ನೂರು ಹೆಕ್ಟೇರಿನದ್ದಾದರೆ ಅದು ದೊಡ್ಡ ದೊಡ್ಡಿ, ಅಷ್ಟೆ.

ಹಾಗಾಗಿ ಪ್ರಶ್ನೆ ಬಿಗಿಯಾಗಿರಲಿ. "ನಿಮ್ಮ ಜಾಗ ಎಷ್ಟು?" ಎಂದರೆ ಐದು ಫಾರ್ಮುಗಳನ್ನು ಕೂಡಿಸಿ ಇಪ್ಪತ್ತು ಸಾವಿರ ಹೆಕ್ಟೇರ್ ಎನ್ನುತ್ತಾರೆ. "ನಾನು ಕುಡು ಬೇಟೆಯಾಡುವ ಒಂದೇ ಬೇಲಿಯ ಒಳಗಿನ ವಿಸ್ತೀರ್ಣ ಎಷ್ಟು, ಒಳಬೇಲಿಗಳಿವೆಯೇ, ಆ ಜಾತಿ ಅಲ್ಲೇ ಮರಿ ಹಾಕುತ್ತಿದೆಯೇ, ಕೊನೆಯ ಸಲ ಹೊರಗಿನಿಂದ ತಂದು ಬಿಟ್ಟದ್ದು ಯಾವ ತಿಂಗಳು?" ಎಂದು ಕೇಳಿ. ಹರಾಜಿನಲ್ಲಿ ಕೊಂಡ ಗಂಡು ಪ್ರಾಣಿಯನ್ನು ನೀವು ಬರುವ ಹಿಂದಿನ ವಾರ ಬಿಟ್ಟು, ನಿಮ್ಮಿಂದ ಹೊಡೆಸುವುದಕ್ಕೆ ಅಲ್ಲಿನವರು ಪುಟ್ ಅಂಡ್ ಟೇಕ್ ಎನ್ನುತ್ತಾರೆ. ಸತ್ತ ಪ್ರಾಣಿಯ ಕಿವಿಯಲ್ಲಿ ಟ್ಯಾಗ್ ಹಾಕಿದ ತೂತು ಇದ್ದರೆ, ಅಥವಾ ಪ್ರಾಣಿಗೆ ನೀರಿನ ಹಾದಿಯೇ ಗೊತ್ತಿಲ್ಲದೆ ಬೇಲಿಗುಂಟ ಅಡ್ಡಾಡುತ್ತಿದ್ದರೆ ಅದೇ ಕುರುಹು. ಆದರೆ ಅಷ್ಟು ಹೊತ್ತಿಗೆ ದುಡ್ಡು ಕೊಟ್ಟಾಗಿರುತ್ತದೆ. ಸೇಬಲ್, ಬಂಗಾರದ ಬಣ್ಣದ ವೈಲ್ಡ್‌ಬೀಸ್ಟ್, ಕಪ್ಪು ಇಂಪಾಲಾದಂಥ ದುಬಾರಿ ತಳಿಗಳ ವಿಷಯದಲ್ಲಿ ಈ ಪ್ರಶ್ನೆಯನ್ನು ಎರಡು ಸಲ ಕೇಳಿದರೂ ತಪ್ಪಿಲ್ಲ.

ಔಟ್‌ಫಿಟರ್ ಬೇರೆ, ಪಿಎಚ್ ಬೇರೆ. ಔಟ್‌ಫಿಟರ್ ನಿಮ್ಮೊಂದಿಗೆ ಕರಾರು ಮಾಡಿಕೊಂಡು ಪರವಾನಗಿ, ವಸತಿ, ಟ್ರೋಫಿಯ (ಬೇಟೆಯ ಗುರುತಾಗಿ ಮನೆಗೆ ಒಯ್ಯುವ ಕೊಂಬು, ಚರ್ಮ) ಹೊಣೆ ಹೊರುವವರು. ಪಿಎಚ್, ಎಂದರೆ ಪ್ರೊಫೆಷನಲ್ ಹಂಟರ್, ನಿಮ್ಮ ಪಕ್ಕ ನಡೆಯುವವರು. ದಕ್ಷಿಣ ಆಫ್ರಿಕಾದಲ್ಲಿ ಇಬ್ಬರಿಗೂ ಪರವಾನಗಿ ಕೊಡುವುದು ಪ್ರಾಂತ್ಯ. ನೀವು ಯಾವ ಪ್ರಾಂತ್ಯದಲ್ಲಿ ಬೇಟೆಯಾಡುತ್ತೀರೋ ಅಲ್ಲಿಗೆ ಊರ್ಜಿತವಾದ ಪರವಾನಗಿಯ ಪ್ರತಿ ಕೇಳಿ ಪಡೆಯಿರಿ. ನಮೀಬಿಯಾದಲ್ಲಿ ಪರಿಸರ ಸಚಿವಾಲಯದ ನೋಂದಣಿ ಇರುತ್ತದೆ. ಅಲ್ಲಿ ಹಂಟಿಂಗ್ ಗೈಡ್ ಎಂಬ ಕೆಳಗಿನ ದರ್ಜೆಯವರಿಗೆ ನೋಂದಾಯಿಸಿದ ಫಾರ್ಮಿನಲ್ಲಿ ಮಾತ್ರ ಬೇಟೆಯಾಡಿಸುವ ಅಧಿಕಾರ. ನಮೀಬಿಯಾದ ನಾಫಾ, ದಕ್ಷಿಣ ಆಫ್ರಿಕಾದ ಫಾಸಾ ಮತ್ತು ಸಿಪಿಎಚ್‌ಸಿ ಪಿಎಚ್‌ಗಳ ಸಂಘಗಳು. ಸದಸ್ಯತ್ವವೊಂದೇ ಒಳ್ಳೆಯತನದ ಮುದ್ರೆಯಲ್ಲ, ಆದರೆ ಜಗಳವಾದರೆ ದೂರು ಕೊಡಲು ಒಂದು ಬಾಗಿಲಾದರೂ ಇರುತ್ತದೆ.

ಪಿಎಚ್ ಹೆಸರು ಕರಾರಿನಲ್ಲೇ ಬರಲಿ. ಸೀಸನ್ ಜೋರಿದ್ದಾಗ, ಮೇನಿಂದ ಆಗಸ್ಟ್‌ವರೆಗೆ, ಕೈಗೆ ಸಿಕ್ಕ ಫ್ರೀಲ್ಯಾನ್ಸ್ ಪಿಎಚ್‌ಗಳನ್ನು ತಂದು ನಿಲ್ಲಿಸುವುದು ಮಾಮೂಲು. ಬಂದವರು ಒಳ್ಳೆಯ ಈಡುಗಾರರೇ ಇರಬಹುದು, ಆದರೆ ಈ ಕಣಿವೆಯಲ್ಲಿ ಬೆಳಗಿನ ಗಾಳಿ ಯಾವ ಕಡೆ ತಿರುಗುತ್ತದೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ. ಒಬ್ಬ ಪಿಎಚ್‌ಗೆ ಎಷ್ಟು ಬೇಟೆಗಾರರು, ಅದೇ ವಾರ ಕ್ಯಾಂಪಿನಲ್ಲಿ ಬೇರೆ ಎಷ್ಟು ಜನ ಇರುತ್ತಾರೆ, ಬೇಟೆಯ ಜಾಗ ಕ್ಯಾಂಪಿಗೆ ಅಂಟಿಕೊಂಡಿದೆಯೋ ದಿನಾ ಎರಡು ತಾಸು ಗಾಡಿಯಲ್ಲಿ ಹೋಗಬೇಕೋ ಇವನ್ನೂ ಕೇಳಿ. ಬಾಡಿಗೆ ಫಾರ್ಮುಗಳ ಮೇಲೆ ನಡೆಯುವ ಕಂಪನಿಗಳಲ್ಲಿ ಏಳು ದಿನದ ಬೇಟೆಯಲ್ಲಿ ಎರಡು ದಿನ ರಸ್ತೆಯಲ್ಲೇ ಕಳೆದುಹೋಗುತ್ತದೆ.

ಈಗ ದುಡ್ಡು. "7 ದಿನ, 5 ಪ್ರಾಣಿ, 5,995 ಡಾಲರ್" ಎಂಬ ಪ್ಯಾಕೇಜ್ ಕಂಡರೆ ಸಣ್ಣಕ್ಷರ ಓದಿ. ಕುಡುವಿನ ಕೊಂಬು 48 ಇಂಚಿನವರೆಗೆ ಮಾತ್ರ, ಮೇಲಿನದಕ್ಕೆ ಬೇರೆ ದರ, ಸಿಗದ ಪ್ರಾಣಿಗೆ ಹಣ ವಾಪಸಿಲ್ಲ, ಬದಲಿಯೂ ಇಲ್ಲ, ವ್ಯಾಟ್ ಪ್ರತ್ಯೇಕ. ಇಂಥವು ಅಲ್ಲಿ ಅಡಗಿರುತ್ತವೆ. ದಿನದ ದರ ಮತ್ತು ಟ್ರೋಫಿ ದರ ಬೇರೆಬೇರೆ ಇರುವ ಪದ್ಧತಿಯೇ ವಾಸಿ, ಹೊಡೆದದ್ದಕ್ಕೆ ಮಾತ್ರ ಕೊಡುತ್ತೀರಿ. ಒಂದು ಮಾದರಿ ಲೆಕ್ಕ: ಒಬ್ಬ ಪಿಎಚ್‌ಗೆ ಒಬ್ಬರೇ ಎಂದರೆ ದಿನಕ್ಕೆ 400 ಡಾಲರಿನಂತೆ ಏಳು ದಿನಕ್ಕೆ 2,800. ಅದರ ಮೇಲೆ ಶೇ. 15 ವ್ಯಾಟ್ 420. ಕುಡು 2,400, ಗೆಮ್ಸ್‌ಬಾಕ್ 1,000, ನೀಲಿ ವೈಲ್ಡ್‌ಬೀಸ್ಟ್ 1,000, ಇಂಪಾಲಾ 400, ವಾರ್ಟ್‌ಹಾಗ್ 350, ಒಟ್ಟು 5,150. ವಿಮಾನ ನಿಲ್ದಾಣದಿಂದ ಹೋಗಿಬರಲು 300. ರೈಫಲ್ ಬಾಡಿಗೆ ದಿನಕ್ಕೆ 40ರಂತೆ 280. ಪಿಎಚ್, ಟ್ರ್ಯಾಕರ್ (ಜಾಡು ಹಿಡಿಯುವವರು), ಅಡುಗೆಯವರು ಎಲ್ಲರ ಟಿಪ್ಸ್ ಸೇರಿ 1,000. ಕೊಂಬು, ಚರ್ಮ ಸಂಸ್ಕರಿಸಿ ಪೆಟ್ಟಿಗೆ ಕಟ್ಟಲು 1,000, ಸಾಗಣೆ 2,000. ಕೂಡಿದರೆ 12,950. ವಿಮಾನ ಟಿಕೆಟ್ಟೂ ಸೇರಿಲ್ಲ, ಊರಿನಲ್ಲಿ ಟ್ಯಾಕ್ಸಿಡರ್ಮಿ (ಚರ್ಮ ತುಂಬಿ ಪ್ರಾಣಿಯ ರೂಪ ನಿಲ್ಲಿಸುವ ಕೆಲಸ) ಮಾಡಿಸುವ ಖರ್ಚೂ ಸೇರಿಲ್ಲ. ದರಗಳು ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ, ಲೆಕ್ಕದ ಸಾಲುಗಳು ಮಾತ್ರ ಬದಲಾಗವು. ಪ್ರತಿ ಸಾಲಿಗೂ ಔಟ್‌ಫಿಟರ್‌ರಿಂದ ಬರವಣಿಗೆಯಲ್ಲಿ ಅಂಕಿ ಪಡೆಯಿರಿ.

ಗಾಯವಾಗಿ ತಪ್ಪಿಸಿಕೊಂಡ ಪ್ರಾಣಿಗೂ ಪೂರ್ತಿ ದರ, ಇದು ಎಲ್ಲೆಡೆ ಇರುವ ನಿಯಮ, ಅದರಲ್ಲಿ ಮೋಸವಿಲ್ಲ. ಕೇಳಬೇಕಾದ್ದು ಬೇರೆ: ಗಾಯದ ಪ್ರಾಣಿಯನ್ನು ಎಷ್ಟು ದಿನ ಹುಡುಕುತ್ತೀರಿ, ರಕ್ತದ ಜಾಡು ಹಿಡಿಯುವ ನಾಯಿ ಇದೆಯೇ, ನಾನು ಹೋದ ಮೇಲೆ ಸಿಕ್ಕರೆ ಕೊಂಬು ಕಳಿಸುತ್ತೀರಾ? ಒಳ್ಳೆಯ ಟ್ರ್ಯಾಕರ್ ಮತ್ತು ಒಂದು ಪುಟ್ಟ ಟೆರಿಯರ್ ನಿಮಗೆ 2,400 ಡಾಲರ್ ಉಳಿಸಿಕೊಡಬಲ್ಲರು.

ಮುಂಗಡ ಎಂದರೆ ದಿನದ ದರದ ಅರ್ಧದ ಆಸುಪಾಸು. ಟ್ರೋಫಿ ದರವನ್ನೂ ಮೊದಲೇ ಕೇಳುವವರಿಂದ ದೂರವಿರಿ. ಹಣ ಹೋಗುವ ಖಾತೆ ಕಂಪನಿಯ ಹೆಸರಿನಲ್ಲೇ ಇರಲಿ. "ನಮ್ಮ ಬ್ಯಾಂಕ್ ಬದಲಾಗಿದೆ" ಎಂಬ ಈಮೇಲ್ ಬಂದರೆ, ಮೊದಲೇ ಗುರುತು ಮಾಡಿಟ್ಟ ನಂಬರಿಗೆ ಫೋನ್ ಮಾಡಿ ಅವರ ಬಾಯಿಂದಲೇ ಕೇಳುವವರೆಗೆ ಒಂದು ಪೈಸೆ ಕಳಿಸಬೇಡಿ. ಈಮೇಲ್ ಕದ್ದು ಖಾತೆ ನಂಬರ್ ತಿದ್ದುವ ಕಳ್ಳರಿಗೆ ಇಂಥ ವಿದೇಶಿ ಪಾವತಿ ಎಂದರೆ ಹಬ್ಬ. ದಾನದ ಹರಾಜಿನಲ್ಲಿ ಕೊಂಡ ಬೇಟೆಗಳಲ್ಲಿ ಹೆಚ್ಚಾಗಿ ದಿನದ ದರ ಮತ್ತು ಒಂದೆರಡು ಸಣ್ಣ ಪ್ರಾಣಿ ಮಾತ್ರ ಸೇರಿರುತ್ತವೆ. ಉಳಿದದ್ದನ್ನು ಅಲ್ಲಿ ಹೋದ ಮೇಲೆ ನಿಮ್ಮಿಂದ ಕೊಳ್ಳಿಸುವುದೇ ಅವರ ಲೆಕ್ಕಾಚಾರ.

ಹಳೆಯ ಗ್ರಾಹಕರ ಹೆಸರು ಕೇಳಿದರೆ ಔಟ್‌ಫಿಟರ್ ಕೊಡುವುದು ಖುಷಿಯಾಗಿ ಹೋದವರ ಪಟ್ಟಿಯನ್ನು. ಆದ್ದರಿಂದ ಹೆಸರು ಕೇಳುವ ರೀತಿ ಬದಲಿಸಿ: ಹೋದ ವರ್ಷ ಕುಡು ಬಯಸಿ ಕುಡು ಸಿಗದೆ ಮರಳಿದ ಇಬ್ಬರನ್ನು ಕೊಡಿ ಎನ್ನಿ. ಕೊಡುವವರಿಗೆ ಅರ್ಧ ಅಂಕ ಅಲ್ಲೇ ಬಂತು. ಆ ಗ್ರಾಹಕರ ಹತ್ತಿರ "ಹೇಗಿತ್ತು?" ಎನ್ನಬೇಡಿ, "ಚೆನ್ನಾಗಿತ್ತು" ಎಂದು ಮುಗಿಸಿಬಿಡುತ್ತಾರೆ. ದಿನಕ್ಕೆ ಎಷ್ಟು ತಾಸು ಕಾಲ್ನಡಿಗೆ, ಎಷ್ಟು ತಾಸು ಬಕ್ಕಿಯಲ್ಲಿ, ಎಂದರೆ ಪಿಕಪ್ ಗಾಡಿಯಲ್ಲಿ? ಗಾಡಿಯ ಮೇಲಿಂದ ಹೊಡೆಯಲು ಒತ್ತಾಯಿಸಿದರೇ? ಕೊನೆಯ ಬಿಲ್ ಮೊದಲು ಹೇಳಿದ್ದಕ್ಕಿಂತ ಎಷ್ಟು ಹೆಚ್ಚಾಯಿತು, ಏಕೆ? ಟ್ರೋಫಿ ಎಷ್ಟು ತಿಂಗಳಿಗೆ ಮನೆ ತಲುಪಿತು? ಎಳೆಯ ಗಂಡನ್ನು ಹೊಡೆಯಲು ಹೋದಾಗ ಪಿಎಚ್ ತಡೆದರೇ? ಉತ್ತರ ಹೇಳಲು ತಡವರಿಸುವ ಜಾಗದಲ್ಲೇ ವಿಷಯವಿರುತ್ತದೆ.

ಇಂಚಿನ ಖಾತರಿ ಕೊಡುವವರನ್ನು ನಂಬಬೇಡಿ. ಬೇಟೆಯ ಕೊಂಬಿನ ಅಳತೆ ದಾಖಲಿಸುವ ರೋಲೆಂಡ್ ವಾರ್ಡ್ ಪುಸ್ತಕಕ್ಕೆ ದಕ್ಷಿಣದ ದೊಡ್ಡ ಕುಡುವಿನ ಕನಿಷ್ಠ 53 7/8 ಇಂಚು. ಐವತ್ತು ಇಂಚಿನ ಬಲಿತ ಗಂಡು ಸಿಕ್ಕರೆ ಬೇಟೆ ಸಾರ್ಥಕ. ಕಾಡಿನಲ್ಲಿ ಅಡ್ಡಾಡುವ ಕುಡುವಿಗೆ "55 ಇಂಚು ಗ್ಯಾರಂಟಿ" ಎನ್ನುತ್ತಾರೆಂದರೆ ಅದು ಕಾಡಿನಲ್ಲಿಲ್ಲ, ಎಲ್ಲೋ ಲೆಕ್ಕದಲ್ಲಿದೆ ಎಂದರ್ಥ. ಗೆಮ್ಸ್‌ಬಾಕ್‌ನಲ್ಲಿ ಇನ್ನೊಂದು ಸೂಕ್ಷ್ಮ: ಹೆಣ್ಣಿಗೂ ಕೊಂಬಿದೆ, ಅದು ಸಾಮಾನ್ಯವಾಗಿ ಗಂಡಿನದಕ್ಕಿಂತ ಉದ್ದ, ಆದರೆ ತೆಳು. ಯಾವುದನ್ನು ಹೊಡೆಸುತ್ತೀರಿ ಎಂದು ಕೇಳಿ. ಮರಿಯಿರುವ ತಾಯಿಯನ್ನು ಉದ್ದಕ್ಕಾಗಿ ಹೊಡೆಸುವ ಕಂಪನಿಗೆ ಮುಂದಿನ ವರ್ಷದ ಚಿಂತೆ ಇಲ್ಲ.

ಸ್ವಂತ ರೈಫಲ್ ಒಯ್ಯುವುದಾದರೆ ಕಾಗದಪತ್ರದಲ್ಲಿ ಔಟ್‌ಫಿಟರ್‌ರ ಶಿಸ್ತು ಬಯಲಾಗುತ್ತದೆ. ದಕ್ಷಿಣ ಆಫ್ರಿಕಾಕ್ಕೆ ಅಲ್ಲಿನ ಪೊಲೀಸ್ ಇಲಾಖೆಯ ಎಸ್‌ಎಪಿಎಸ್ 520 ಫಾರಂ, ಕಪ್ಪು ಶಾಯಿಯಲ್ಲಿ ತುಂಬಬೇಕು, ಸಹಿ ಮಾತ್ರ ಪೊಲೀಸರ ಎದುರು. ಜೊತೆಗೆ ಔಟ್‌ಫಿಟರ್‌ರ ಆಹ್ವಾನಪತ್ರ, ಟಿಕೆಟ್, ಪಾಸ್‌ಪೋರ್ಟ್ ಪ್ರತಿ, ಒಡೆತನದ ಪುರಾವೆ. ಅಮೆರಿಕದವರಿಗೆ ಆ ಪುರಾವೆ ಎಂದರೆ ಕಸ್ಟಮ್ಸ್‌ನ 4457 ಫಾರಂ. ಒಂದು ಕ್ಯಾಲಿಬರಿಗೆ ಒಂದೇ ರೈಫಲ್, ರೈಫಲ್ ಒಂದಕ್ಕೆ 200 ತೋಟಾ ಮಿತಿ. ನಮೀಬಿಯಾದಲ್ಲಿ ಪಿಸ್ತೂಲಿಗೆ ಪ್ರವೇಶವೇ ಇಲ್ಲ, ಟ್ರೋಫಿ ಬೇಟೆಯ ಸೀಸನ್ ಫೆಬ್ರವರಿ 1ರಿಂದ ನವೆಂಬರ್ 30ರವರೆಗೆ. ಆಹ್ವಾನಪತ್ರಕ್ಕೆ ಮೂರು ಸಲ ನೆನಪಿಸಬೇಕಾದ ಕಂಪನಿ ಟ್ರೋಫಿ ಕಳಿಸುವಾಗ ಹೇಗಿರುತ್ತದೆ ಎಂದು ನೀವೇ ಊಹಿಸಿ. .30-06 ಅಥವಾ .308ಕ್ಕೆ 165ರಿಂದ 180 ಗ್ರೇನಿನ ಗಟ್ಟಿ ಬುಲೆಟ್ ಇಂಪಾಲಾದಿಂದ ಕುಡುವರೆಗೆ ಸಾಕು. ಹೊರಡುವ ಮೊದಲು ಮೂರು ಕಾಲಿನ ಶೂಟಿಂಗ್ ಸ್ಟಿಕ್ ಮೇಲೆ ರೈಫಲ್ ಇಟ್ಟು, ನಿಂತು ಹೊಡೆಯುವ ಅಭ್ಯಾಸ ಮಾಡಿಕೊಳ್ಳಿ. ಬೆಂಚಿನ ಮೇಲೆ ಮಾತ್ರ ಗುರಿ ಸಾಧಿಸಿದವರ ಮೊದಲ ಗುಂಡು ಅಲ್ಲಿ ಹಿಂದಕ್ಕೆ ಹೋಗಿ ಹೊಟ್ಟೆಗೆ ಬೀಳುತ್ತದೆ. ಆಫ್ರಿಕಾದ ಪ್ರಾಣಿಗಳ ಹೃದಯ ಅಮೆರಿಕದ ಜಿಂಕೆಗಿಂತ ಮುಂದೆ, ಕೆಳಗೆ ಇದೆ. ಮುಂಗಾಲಿನ ನೇರಕ್ಕೆ, ದೇಹದ ಕೆಳಗಿನ ಮೂರನೇ ಒಂದು ಭಾಗದಲ್ಲಿ ಹೊಡೆಯಬೇಕು.

ಕೊನೆಯದಾಗಿ ಚರ್ಮದ ಶೆಡ್. ಫೋಟೋ ಕಳಿಸಲು ಕೇಳಿ. ನೆರಳು, ನೀರು, ಇಳಿಜಾರಿನ ಸಿಮೆಂಟ್ ನೆಲ, ಮೂಟೆಗಟ್ಟಲೆ ಉಪ್ಪು ಕಾಣಬೇಕು. ಮಧ್ಯಾಹ್ನ ಹೊಡೆದ ಪ್ರಾಣಿಯ ಚರ್ಮವನ್ನು ಬೇಗ ಸುಲಿದು, ತಣಿಸಿ, ಉಪ್ಪು ಹಾಕದಿದ್ದರೆ ಕೂದಲು ಉದುರುತ್ತದೆ, ಆಮೇಲೆ ಯಾರಿಂದಲೂ ಸರಿಮಾಡಲಾಗದು. ಸ್ಕಿನ್ನರ್ ಕತ್ತಿ ಹಾಕುವ ಮೊದಲೇ ಹೇಳಿ: ಕುಡು ಭುಜದ ಮೌಂಟ್ (ಗೋಡೆಗೆ ತೂಗುಹಾಕುವ, ಭುಜದವರೆಗಿನ ತಲೆ), ಜೀಬ್ರಾ ನೆಲಹಾಸಿನ ಚರ್ಮ. ಭುಜದ ಮೌಂಟಿಗೆ ಚರ್ಮವನ್ನು ಮುಂಗಾಲಿನ ಬಹಳ ಹಿಂದೆ ಕತ್ತರಿಸಬೇಕು. ಕಾಲಿಗೆ ಅಂಟಿಸಿ ಕತ್ತರಿಸಿದರೆ ಮೌಂಟ್ ಕುತ್ತಿಗೆ ಕುಗ್ಗಿಸಿ ನಿಂತ ಹಾಗಾಗುತ್ತದೆ. ಹಾರ್ಟ್‌ಮನ್ ಜೀಬ್ರಾ, ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಎರಡನೇ ಅನುಬಂಧದಲ್ಲಿದೆ, ಅದರ ಕಾಗದ ಪ್ರತ್ಯೇಕ. ವಾರ್ಟ್‌ಹಾಗ್ ಹಂದಿ ಜಾತಿಯದಾದ್ದರಿಂದ ಅಮೆರಿಕಕ್ಕೆ ಕಳಿಸುವಾಗ ಕೃಷಿ ಇಲಾಖೆ ಒಪ್ಪಿದ ಟ್ಯಾಕ್ಸಿಡರ್ಮಿಸ್ಟರ ವಿಳಾಸಕ್ಕೇ ಹೋಗಬೇಕು. ಆ ವಿಳಾಸವನ್ನು ಬೇಟೆಗೆ ಮೊದಲೇ ಔಟ್‌ಫಿಟರ್‌ಗೆ ಕೊಟ್ಟಿರಿ. ಹೊರಡುವ ದಿನ ಪ್ರತಿ ಕೊಂಬಿಗೂ ಪ್ರತಿ ಚರ್ಮಕ್ಕೂ ನಿಮ್ಮ ಹೆಸರಿನ ಟ್ಯಾಗ್ ಕಟ್ಟಿದ್ದಾರೆಯೇ ನೋಡಿ, ಟ್ಯಾಗ್ ಓದಲು ಬರುವಷ್ಟು ಹತ್ತಿರದಿಂದ ಒಂದೊಂದಕ್ಕೂ ಫೋಟೋ ತೆಗೆದಿಟ್ಟುಕೊಳ್ಳಿ. ಎಂಟು ತಿಂಗಳ ನಂತರ ಪೆಟ್ಟಿಗೆ ತೆರೆದಾಗ ಬೇರೆಯವರ ಇಂಪಾಲಾ ಹೊರಬಂದರೆ, ವಾದ ಮಾಡಲು ಕೈಯಲ್ಲಿರುವುದು ಆ ಫೋಟೋ ಒಂದೇ.