ಹಿಂದಿನ ವಿಂಗ್ ಹಾಕಿಸುವ ಮುನ್ನ: ಲೆಕ್ಕ, ಜೋಡಣೆ, ಪರೀಕ್ಷೆ

ಸ್ಪೋರ್ಟ್ಸ್ ಕಾರಿನ ಡಿಕ್ಕಿಯ ಮೇಲೆ ವಿಂಗ್, ಅಂದರೆ ಗಾಳಿಯ ಬಲದಿಂದ ಕಾರನ್ನು ನೆಲಕ್ಕೆ ಒತ್ತುವ ರೆಕ್ಕೆ, ಕೂರಿಸಬೇಕೇ ಬೇಡವೇ ಎಂದು ನಿರ್ಧರಿಸಲು ಒಂದೇ ಸಂಖ್ಯೆ ಸಾಕು: ನೀವು ತಿರುವುಗಳನ್ನು ಎಷ್ಟು ವೇಗದಲ್ಲಿ ದಾಟುತ್ತೀರಿ? ನೇರ ಹಾದಿಯ ಗರಿಷ್ಠ ವೇಗವಲ್ಲ, ತಿರುವಿನ ನಡುಮಧ್ಯದ ವೇಗ. ಅದು ಗಂಟೆಗೆ 100 ಕಿ.ಮೀ. ಒಳಗೇ ಇದ್ದರೆ ಆ ದುಡ್ಡನ್ನು ಒಳ್ಳೆಯ ಟೈರಿಗೆ ಹಾಕಿ. 120 ದಾಟುವ ತಿರುವುಗಳು ಎರಡು ಮೂರಾದರೂ ಇದ್ದರೆ ಮಾತ್ರ ವಿಂಗಿನ ಯೋಚನೆ ಮಾಡಿ.

ಕಾರಣ ಸರಳ. ಡೌನ್‌ಫೋರ್ಸ್, ಅಂದರೆ ಗಾಳಿ ಕಾರನ್ನು ಕೆಳಕ್ಕೆ ಒತ್ತುವ ಬಲ, ವೇಗದ ವರ್ಗದಂತೆ ಏರುತ್ತದೆ. 1.5 ಮೀಟರ್ ಉದ್ದ, 25 ಸೆಂ.ಮೀ. ಅಗಲದ ವಿಂಗ್ ತೆಗೆದುಕೊಳ್ಳಿ. ಲಿಫ್ಟ್ ಗುಣಾಂಕ (ವಿಂಗಿನ ಆಕಾರ ಮತ್ತು ಕೋನ ಎಷ್ಟು ಬಲ ಕೊಡುತ್ತವೆ ಎಂಬ ಅಳತೆ) 1 ಎಂದಿಟ್ಟುಕೊಂಡರೆ 60 ಕಿ.ಮೀ. ವೇಗದಲ್ಲಿ ಅದು ಒತ್ತುವುದು ಬರೀ 6 ಕೆಜಿ. 100ರಲ್ಲಿ 18, 160ರಲ್ಲಿ 45, 200ರಲ್ಲಿ ಸುಮಾರು 70 ಕೆಜಿ. ಸುಮಾರು 1,280 ಕೆಜಿ ತೂಗುವ ಟೊಯೋಟಾ ಜಿಆರ್86ರಂಥ ಕಾರಿಗೆ 100ರ ವೇಗದಲ್ಲಿ ಸಿಗುವ 18 ಕೆಜಿ ಎಂದರೆ ತೂಕದ ಶೇ. 1.4. ತಿರುವಿನ ವೇಗ ಹಿಡಿತದ ವರ್ಗಮೂಲದಂತೆ ಏರುವುದರಿಂದ ಲಾಭ ಶೇ. 0.7ರಷ್ಟೇ. ಟೈರ್ ಬದಲಿಸಿದರೆ ಇದಕ್ಕಿಂತ ಹೆಚ್ಚು ಸಿಗುತ್ತದೆ, ಅದೂ ಎಲ್ಲ ವೇಗದಲ್ಲಿ. ಗಾಳಿ ತೆಳುವಾದಷ್ಟೂ ವಿಂಗ್ ಒತ್ತುವ ಬಲ ಕಡಿಮೆ. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸಮುದ್ರಮಟ್ಟಕ್ಕಿಂತ ಹತ್ತರಲ್ಲಿ ಒಂದು ಪಾಲು ಕಳೆಯಿರಿ.

ಹೀಗಾಗಿ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಂಥ 2.1 ಕಿ.ಮೀ. ಟ್ರ್ಯಾಕಿಗಿಂತ, ಗ್ರೇಟರ್ ನೋಯ್ಡಾದ 5.125 ಕಿ.ಮೀ. ಉದ್ದದ ಬುದ್ಧ್ ಸರ್ಕ್ಯೂಟಿನಲ್ಲಿ ವಿಂಗಿಗೆ ಹೆಚ್ಚು ಕೆಲಸವಿದೆ. ನಿಧಾನದ ತಿರುವಿನಲ್ಲಿ ಕಾರಿನ ಹಿಂಭಾಗ ಜಾರುತ್ತಿದ್ದರೆ ಅದಕ್ಕೆ ಮದ್ದು ಚಕ್ರಗಳ ಅಲೈನ್‌ಮೆಂಟ್, ಆ್ಯಂಟಿ-ರೋಲ್ ಬಾರ್ (ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಸರಳು), ಟೈರಿನ ಗಾಳಿ. ಆ ಜಾರುವಿಕೆಗೆ ಹೆದರಿ ವಿಂಗ್ ಹಾಕಿಸಿದರೆ ದುಡ್ಡು ಹೋಗುತ್ತದೆ, ಜಾರುವುದು ನಿಲ್ಲುವುದಿಲ್ಲ.

ಸ್ಪಾಯ್ಲರ್ ಮತ್ತು ವಿಂಗ್ ಒಂದೇ ಅಲ್ಲ. ಸ್ಪಾಯ್ಲರ್ ಡಿಕ್ಕಿಗೆ ಅಂಟಿಕೊಂಡು, ಕಾರನ್ನು ಮೇಲಕ್ಕೆತ್ತುವ ಬಲವನ್ನು ಕಡಿಮೆ ಮಾಡುತ್ತದೆ. ವಿಂಗ್ ಗಾಳಿಯ ನಡುವೆ ನಿಂತು ಕೆಳಕ್ಕೆ ಒತ್ತುತ್ತದೆ. ಮೊದಲ ಪೀಳಿಗೆಯ ಆಡಿ ಟಿಟಿ ಜರ್ಮನಿಯ ಹೆದ್ದಾರಿಗಳಲ್ಲಿ ಅತಿ ವೇಗದಲ್ಲಿ ಅಪಘಾತಕ್ಕೀಡಾದಾಗ ಕಂಪನಿ ಕಾರುಗಳನ್ನು ವಾಪಸ್ ಕರೆಸಿ ಮಾಡಿದ ಬದಲಾವಣೆಗಳಲ್ಲಿ ಡಿಕ್ಕಿಯ ಅಂಚಿಗೆ ಜೋಡಿಸಿದ ಪುಟ್ಟ ಸ್ಪಾಯ್ಲರ್ ಕೂಡ ಒಂದು. ರಸ್ತೆಯಲ್ಲಷ್ಟೇ ಓಡುವ ಕಾರಿಗೆ ಕಂಪನಿಯೇ ಕೊಡುವ ಅಂಥ ಪುಟ್ಟ ಸ್ಪಾಯ್ಲರ್ ಧಾರಾಳವಾಯಿತು.

ಕೊಳ್ಳುವಾಗ ಅಡ್ಡಕೊಯ್ತದ ಆಕಾರ ನೋಡಿ. ತಳಭಾಗ ಹೆಚ್ಚು ಉಬ್ಬಿರಬೇಕು, ಮೇಲ್ಭಾಗ ಚಪ್ಪಟೆಯಾಗಿರಬೇಕು. ಚಪ್ಪಟೆ ಹಲಗೆಯಂತಿದ್ದರೆ, ಅಥವಾ ಉಬ್ಬು ಮೇಲ್ಗಡೆ ಇದ್ದರೆ ಅದು ಅಲಂಕಾರದ ವಸ್ತು. ಕೆಲಸದ ಬಹುಪಾಲು ತಳಭಾಗದ ಸೆಳೆತದಿಂದಲೇ ಆಗುವುದರಿಂದ ಮೇಲಿನಿಂದ ಹಿಡಿದುಕೊಳ್ಳುವ ‘ಸ್ವಾನ್ ನೆಕ್’ ಕಂಬಗಳು ಕೆಳಗಿನಿಂದ ಚುಚ್ಚಿದಂತೆ ನಿಲ್ಲುವ ಕಂಬಗಳಿಗಿಂತ ಉತ್ತಮ. ತಳದ ಗಾಳಿ ಕೆಡುವುದಿಲ್ಲ. ವಿಂಗಿನ ಎತ್ತರ ಹೆಚ್ಚುಕಮ್ಮಿ ಕಾರಿನ ಚಾವಣಿಯ ಮಟ್ಟಕ್ಕಿರಲಿ. ತೀರಾ ಕೆಳಗಿಟ್ಟರೆ ಹಿಂದಿನ ಗಾಜಿನ ಮೇಲಿಂದ ಬರುವ ಕಲಕಿದ ಗಾಳಿಯಲ್ಲಿ ಅದು ಮುಳುಗಿಬಿಡುತ್ತದೆ.

ಈಗ ಹೆಚ್ಚಿನವರು ಮರೆಯುವ ವಿಷಯ: ಮುಂದಿನ ಚಕ್ರಗಳು. ವಿಂಗ್ ಹಿಂದಿನ ಆಕ್ಸಲ್‌ಗಿಂತ ಹಿಂದಿರುವುದರಿಂದ ಕಾರು ಏತದಂತೆ ವರ್ತಿಸುತ್ತದೆ. ಜಿಆರ್86ರ ವೀಲ್‌ಬೇಸ್ (ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವಿನ ಅಂತರ) 2,575 ಮಿ.ಮೀ. ಹಿಂದಿನ ಆಕ್ಸಲ್‌ನಿಂದ 90 ಸೆಂ.ಮೀ. ಆಚೆ ವಿಂಗ್ ನಿಂತಿದ್ದರೆ, 160ರ ವೇಗದಲ್ಲಿ ಅದರ 45 ಕೆಜಿ ಒತ್ತಡವೇ ಮುಂದಿನ ಚಕ್ರಗಳಿಂದ 16 ಕೆಜಿ ಎತ್ತುತ್ತದೆ. ಎತ್ತರದಲ್ಲಿ ಗಾಳಿ ಹಿಂದಕ್ಕೆ ಎಳೆಯುವುದರಿಂದ ಇನ್ನೂ 4 ಕೆಜಿ ಹೋಗುತ್ತದೆ. ಅಂದರೆ ಹಿಂದೆ 65 ಕೆಜಿ ಹೆಚ್ಚು, ಮುಂದೆ 20 ಕೆಜಿ ಕಡಿಮೆ. ವೇಗದ ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿಸಿದರೂ ಕಾರು ನೇರ ಹೋಗುವುದು ಇದರಿಂದಲೇ. ಹಾಗಾಗಿ ಮುಂದಿನ ಸ್ಪ್ಲಿಟರ್‌ಗೂ, ಅಂದರೆ ಮುಂಭಾಗವನ್ನು ಕೆಳಕ್ಕೆ ಒತ್ತಲು ಬಂಪರಿನ ತಳದಲ್ಲಿ ಚಾಚುವ ಹಲಗೆಗೂ, ಸೇರಿಸಿಯೇ ಬಜೆಟ್ ಹಾಕಿ. 10–12 ಮಿ.ಮೀ. ಒಳ್ಳೆಯ ಪ್ಲೈವುಡ್ ಸಾಕು. ಬಂಪರಿನಿಂದ 5–7 ಸೆಂ.ಮೀ. ಚಾಚಿರಲಿ; ಬಂಪರಿನ ಪ್ಲಾಸ್ಟಿಕ್‌ಗಲ್ಲ, ಅದರ ಹಿಂದಿನ ಲೋಹದ ಬೀಮಿಗೆ ಕಟ್ಟಿ.

ಜೋಡಣೆಗೆ ಬರೋಣ. 1969ರ ಮೇ 4ರಂದು ಸ್ಪೇನಿನ ಮೊಂಜುಯಿಕ್‌ನಲ್ಲಿ ನಡೆದ ಫಾರ್ಮುಲಾ ಒನ್ ಗ್ರ್ಯಾನ್ ಪ್ರೀ ರೇಸಿನಲ್ಲಿ ಚಾಲಕರಾದ ಗ್ರಹಾಂ ಹಿಲ್ ಮತ್ತು ಯೋಹೆನ್ ರಿಂಟ್ ಇಬ್ಬರ ಲೋಟಸ್ ಕಾರುಗಳ ಎತ್ತರದ ವಿಂಗ್‌ಗಳೂ ಮುರಿದು ಭೀಕರ ಅಪಘಾತಗಳಾದವು. ಅಂಥ ವಿಂಗ್‌ಗಳನ್ನು ಕೂಡಲೇ ನಿಷೇಧಿಸಲಾಯಿತು. ಆಧಾರ ಮುರಿದರೆ ಹಿಡಿತ ತಿರುವಿನ ಮಧ್ಯದಲ್ಲೇ ಮಾಯವಾಗುತ್ತದೆ. ಆದ್ದರಿಂದ ಕಾರಿನ ಚಾಸಿಗೆ ನೇರ ಕೂರುವ ಕಂಬಗಳು ಎಲ್ಲಕ್ಕಿಂತ ಸುರಕ್ಷಿತ. ಡಿಕ್ಕಿಯ ಬಾಗಿಲಿಗೇ ಕೂರಿಸುವುದಾದರೆ ನೆನಪಿರಲಿ, ಅದರ ತಗಡು ಒಂದು ಮಿ.ಮೀ.ಗಿಂತಲೂ ತೆಳು.

ಕಂಬ ಕೂರುವ ಜಾಗಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ ಗುರುತು ಹಾಕಿ. ಎರಡೂ ಕಡೆಯ ಅಳತೆಯನ್ನು ಡಿಕ್ಕಿಯ ಮಧ್ಯರೇಖೆಯಿಂದ ತೆಗೆದುಕೊಳ್ಳಿ, ಅಂಚಿನಿಂದಲ್ಲ. ಸೆಂಟರ್ ಪಂಚ್ ಹೊಡೆದು ಮೊದಲು 3 ಮಿ.ಮೀ. ತೂತು, ಆಮೇಲೆ ಸ್ಟೆಪ್ ಡ್ರಿಲ್. ಅಂಚಿನ ಮುಳ್ಳುಗಳನ್ನು ಅರದಿಂದ ಉಜ್ಜಿ, ಬರಿ ಲೋಹಕ್ಕೆ ಜಿಂಕ್ ಪ್ರೈಮರ್ ಹಚ್ಚಿ. ಇದನ್ನು ಬಿಟ್ಟರೆ ಮಳೆಗಾಲ ಮುಗಿಯುವಷ್ಟರಲ್ಲಿ ತುಕ್ಕು ಶುರುವಾಗುತ್ತದೆ. ಒಳಗಡೆ ಪ್ರತಿ ಕಂಬಕ್ಕೂ 3 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪ್ಲೇಟ್ ಕೊಡಿ. ಅದು ಕಂಬದ ಬುಡಕ್ಕಿಂತ ಎಲ್ಲ ಕಡೆ 3–4 ಸೆಂ.ಮೀ. ಅಗಲವಾಗಿರಲಿ. ಎಂ6 ಅಥವಾ ಎಂ8, 8.8 ದರ್ಜೆಯ ಬೋಲ್ಟು, ದೊಡ್ಡ ವಾಷರ್, ನೈಲಾಕ್ ನಟ್ಟು (ಸಡಿಲವಾಗದಂತೆ ಒಳಗೆ ನೈಲಾನ್ ಬಳೆಯಿರುವ ನಟ್ಟು) ಬಳಸಿ. ಎಂ6ಕ್ಕೆ 8–10 ನ್ಯೂಟನ್ ಮೀಟರ್ ಬಿಗಿ ಸಾಕು. ಹೆಚ್ಚು ಎಳೆದರೆ ತಗಡು ಕುಳಿಬೀಳುತ್ತದೆ. ನೀರು ಒಳಹೋಗದಂತೆ ಬುಡದ ಸುತ್ತ ಬ್ಯುಟೈಲ್ ಸೀಲರ್ ಹಾಕಿ. ಕಾರ್ಬನ್ ಫೈಬರ್ ಅಲ್ಯೂಮಿನಿಯಂಗೆ ನೇರ ತಾಗಿ ತೇವವೂ ಸೇರಿದರೆ ಅಲ್ಯೂಮಿನಿಯಂ ತಿನ್ನಿಹೋಗುತ್ತದೆ. ನಡುವೆ ನೈಲಾನ್ ವಾಷರ್ ಕೊಡಿ. ಮೇಲಿನ ಬ್ರೇಕ್ ದೀಪ ಮರೆಯಾಗದಂತೆ ನೋಡಿಕೊಳ್ಳಿ. ಹೆಚ್ಚಿದ ತೂಕಕ್ಕೆ ಡಿಕ್ಕಿಯ ಬಾಗಿಲು ತಾನಾಗಿ ನಿಲ್ಲದೆ ತಲೆ ಮೇಲೆ ಬೀಳಬಹುದು. ಬಾಗಿಲನ್ನು ಎತ್ತಿಹಿಡಿಯುವ ಗ್ಯಾಸ್ ಸ್ಟ್ರಟ್ ಬದಲಿಸಬೇಕಾಗಬಹುದು.

ಓಡಿಸುವ ಮೊದಲು ಭಾರ ಇಟ್ಟು ನೋಡಿ. ನೀವು ತಲುಪುವ ಗರಿಷ್ಠ ವೇಗದ ಒತ್ತಡದ ಎರಡು ಪಟ್ಟು, ಅಂದರೆ 160ಕ್ಕೆ 90 ಕೆಜಿ. ವಿಂಗಿನ ಉದ್ದಕ್ಕೂ ಹಲಗೆ ಹಾಸಿ 25 ಕೆಜಿಯ ಅಕ್ಕಿಮೂಟೆ ನಾಲ್ಕನ್ನು ಒಂದೊಂದಾಗಿ, ಸಮನಾಗಿ ಇಡಿ. ಡಿಕ್ಕಿಯ ತಗಡು ಬಾಗಿದರೆ, ಮೂಟೆ ತೆಗೆದ ಮೇಲೆ ಮೊದಲಿನ ಅಳತೆಗೆ ಮರಳದಿದ್ದರೆ, ಅಥವಾ ಎಲ್ಲಾದರೂ ಕಿರುಗುಟ್ಟಿದರೆ ಆಧಾರ ಸಾಲದು. ಹಿಂದಕ್ಕೂ ಪಕ್ಕಕ್ಕೂ ಕೈಯಿಂದ ಜಗ್ಗಿ ನೋಡಿ.

ಕೋನ ಹೊಂದಿಸುವಾಗ ಕಾರು ಸಮತಟ್ಟಾದ ನೆಲದಲ್ಲಿರಲಿ. ವಿಂಗಿನ ಮುಂದಿನ ಮತ್ತು ಹಿಂದಿನ ಅಂಚಿಗೆ ತಾಗುವಂತೆ ನೇರ ಪಟ್ಟಿ ಇಟ್ಟು ಡಿಜಿಟಲ್ ಲೆವೆಲ್‌ನಿಂದ ಅಳೆಯಿರಿ. 0 ಡಿಗ್ರಿಯಿಂದ ಶುರುಮಾಡಿ, ಪ್ರತಿಸಲ 2 ಡಿಗ್ರಿ ಏರಿಸಿ. ಕೂಪೆ ಕಾರಿನ ಚಾವಣಿಯಿಂದ ಗಾಳಿ ಇಳಿಜಾರಾಗಿ ಬರುವುದರಿಂದ ವಿಂಗಿನ ನಡುಭಾಗಕ್ಕೆ ನೀವು ಅಳೆದದ್ದಕ್ಕಿಂತ ಹೆಚ್ಚು ಕೋನ ತಾಗುತ್ತದೆ. ಹಾಗಾಗಿ ನಡುಭಾಗ ಮೊದಲು ಸ್ಟಾಲ್ ಆಗುತ್ತದೆ: ಒತ್ತಡ ಬೀಳುತ್ತದೆ, ಎಳೆತ ಮಾತ್ರ ಏರುತ್ತದೆ. ಇದನ್ನು ಕಣ್ಣಾರೆ ನೋಡಬಹುದು. 5 ಸೆಂ.ಮೀ. ಉದ್ದದ ಉಣ್ಣೆದಾರದ ತುಂಡುಗಳನ್ನು ತಳಭಾಗಕ್ಕೆ ಟೇಪಿನಿಂದ ಅಂಟಿಸಿ, ಕ್ಯಾಮೆರಾ ಕಟ್ಟಿ, ಟ್ರ್ಯಾಕಿನಲ್ಲಿ ಓಡಿಸಿ. ದಾರಗಳು ಹಿಂದಕ್ಕೆ ನೆಟ್ಟಗೆ ಮಲಗಿದ್ದರೆ ಸರಿ. ಸುತ್ತುತ್ತ, ಮುಂದಕ್ಕೆ ಮಗುಚುತ್ತ ಇದ್ದರೆ ಕೋನ ಇಳಿಸಿ. ಇನ್ನಷ್ಟು ಒತ್ತಡ ಬೇಕಿದ್ದರೆ ಹಿಂದಿನ ಅಂಚಿನ ಮೇಲ್ಗಡೆ 5 ಮಿ.ಮೀ. ಎತ್ತರದ ಎಲ್ ಆಕಾರದ ಪಟ್ಟಿ, ಅಂದರೆ ಗರ್ನಿ ಫ್ಲ್ಯಾಪ್, ಅಗ್ಗದ ದಾರಿ.

ಲಾಭವಾಯಿತೇ ಎಂದು ಲ್ಯಾಪ್ ಸಮಯ ಒಂದರಿಂದಲೇ ತೀರ್ಮಾನಿಸಬೇಡಿ. ಒಂದೇ ದಿನ, ಅದೇ ಟೈರ್, ಬಿಸಿಯಾದ ಮೇಲೆ ಅದೇ ಗಾಳಿಯೊತ್ತಡ: ವಿಂಗ್ ಇಲ್ಲದೆ, ವಿಂಗ್ ಜೊತೆ, ಮತ್ತೆ ವಿಂಗ್ ಇಲ್ಲದೆ. ಜಿಪಿಎಸ್ ದಾಖಲೆಯಲ್ಲಿ ವೇಗದ ತಿರುವಿನ ಕನಿಷ್ಠ ವೇಗವನ್ನೂ ನೇರ ಹಾದಿಯ ಕೊನೆಯ ವೇಗವನ್ನೂ ಬೇರೆಬೇರೆ ಹೋಲಿಸಿ. ತಿರುವಿನಲ್ಲಿ ಏನೂ ಏರದೆ ನೇರದಲ್ಲಿ ಇಳಿದಿದ್ದರೆ ಆ ಕೋನ ತಪ್ಪು, ಇಲ್ಲವೇ ಆ ಟ್ರ್ಯಾಕಿಗೆ ವಿಂಗೇ ಬೇಡ.

ಭಾರತದ ರಸ್ತೆಗಿಳಿಯುವ ಕಾರಾದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಕಂಬದ ಮಟ್ಟದಲ್ಲಿ ಬಿಚ್ಚಬಹುದಾದ ಜೋಡಣೆ ಮಾಡಿಸಿ, ಟ್ರ್ಯಾಕ್ ತಲುಪಿದ ಮೇಲೆ ಹಾಕಿಕೊಳ್ಳಿ. ಜರ್ಮನಿಯಲ್ಲಿರುವವರು ಅಲ್ಲಿನ ವಾಹನ ತಪಾಸಣಾ ಸಂಸ್ಥೆ ಟ್ಯೂಫ್ (TÜV) ಒಪ್ಪುವ ದಾಖಲೆಯಿಲ್ಲದ ವಿಂಗ್ ಕೊಳ್ಳಲೇಬಾರದು. ಪ್ರತಿ ಟ್ರ್ಯಾಕ್ ದಿನದ ಮೊದಲು ಬೋಲ್ಟುಗಳ ಬಿಗಿ ನೋಡಿ. ನಟ್ಟಿನ ಮೇಲೆ ಬಣ್ಣದ ಗೆರೆ ಎಳೆದಿಟ್ಟರೆ ಅದು ತಿರುಗಿದ್ದು ಕೂಡಲೇ ಕಾಣುತ್ತದೆ. ಕಂಬದ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಆ ದಿನ ವಿಂಗ್ ಬಿಚ್ಚಿ ಓಡಿಸಿ.