ಬಚ್ಚಲೊಲೆಯ ಹೊಗೆ ಪಕ್ಕದ ಮನೆಗೆ ನುಗ್ಗದಂತೆ ಮಾಡುವುದು ಹೇಗೆ?

ಚಿಕ್ಕಮಗಳೂರಿನಲ್ಲಿ ಡಿಸೆಂಬರ್ ತಿಂಗಳ ಬೆಳಗ್ಗೆ ಮಂಜು ಯಾವುದು, ಹೊಗೆ ಯಾವುದು ಅಂತ ಗೊತ್ತೇ ಆಗುವುದಿಲ್ಲ. ಚಳಿಗೆ ನೆಲದ ಹತ್ತಿರದ ಗಾಳಿ ತಣ್ಣಗಿರುತ್ತದೆ, ಅದರ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದ ಹಾಗೆ ಕೂತಿರುತ್ತದೆ, ಹಾಗಾಗಿ ಬಚ್ಚಲೊಲೆಯ ಹೊಗೆ ಮೇಲೇಳದೆ ಓಣಿಯಲ್ಲೇ ಸುತ್ತುತ್ತದೆ. ಪಕ್ಕದ ಮನೆಯಲ್ಲಿ ಉಬ್ಬಸ ಇರುವವರಿದ್ದರೆ ಅವರ ಪಾಡು ನೆನೆಸಿಕೊಳ್ಳಿ. ಹಂಡೆ ನೀರು ಬಿಡಿ ಅಂತ ನಾನು ಹೇಳುತ್ತಿಲ್ಲ, ಹೊಗೆ ಬಿಡಬೇಡಿ ಅಷ್ಟೇ.

ಮೊದಲು ಸೌದೆ ನೋಡಿ. ಮುಕ್ಕಾಲು ಪಾಲು ತೊಂದರೆ ಇಲ್ಲೇ ಇರುವುದು. ಮರಗಸಿ ಮಾಡಿದ, ಅಂದರೆ ಕಾಫಿ ತೋಟದ ನೆರಳಿನ ಮರಗಳಿಂದ ಕಡಿದ ಕೊಂಬೆಗಳ ಸೌದೆಯನ್ನು ಮಳೆಯಲ್ಲಿ ನೆನೆಸಿ ಹಾಗೇ ಒಲೆಗೆ ತುರುಕಿದರೆ, ಬೆಂಕಿಯ ಕಾವೆಲ್ಲ ಅದರೊಳಗಿನ ನೀರು ಆರಿಸುವುದಕ್ಕೇ ಹೋಗಿ, ಉರಿ ಏಳದೆ ಬರೀ ಹೊಗೆ ಬರುತ್ತದೆ. ಸೌದೆ ಸೀಳಿ, ಗಾಳಿಯಾಡುವ ಮಾಡಿನ ಕೆಳಗೆ ಆರು ತಿಂಗಳಾದರೂ ಒಣಗಿಸಿ. ಎರಡು ತುಂಡು ಬಡಿದರೆ ಟಣ್ ಅನ್ನಬೇಕು. ಉರಿಯುವಾಗ ತುದಿಯಲ್ಲಿ ನೊರೆ ಬಂತೋ, ಅದು ಇನ್ನೂ ಹಸಿ. ಇಂಗ್ಲೆಂಡಿನಲ್ಲಿ 2021ರಿಂದ ಸಣ್ಣ ಪ್ರಮಾಣದಲ್ಲಿ ಮಾರುವ ಸೌದೆಯಲ್ಲಿ ತೇವ ಶೇ. 20ಕ್ಕಿಂತ ಜಾಸ್ತಿ ಇರಬಾರದು ಅಂತ ಕಾನೂನೇ ಇದೆ.

ಬೆಂಕಿ ಹಚ್ಚಲು ಹಾಲಿನ ಕವರ್ ಬೇಡವೇ ಬೇಡ. ಕರಟ, ಒಣಗಿದ ಗರಿ ಸಾಕು.

ಆಮೇಲೆ ಒಲೆ. ಬೂದಿ ದಿನಾ ತೆಗೆಯಿರಿ. ಕೆಳಗೆ ಕಬ್ಬಿಣದ ಜಾಲರಿ ಇದ್ದರೆ ಗಾಳಿ ಸಲೀಸಾಗಿ ಒಳಗೆ ಹೋಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆಯಲ್ಲೂ ಜಾಲರಿ, ಹೊಗೆ ಕೊಳವೆ ಎರಡೂ ಇವೆ. ಕೊಳವೆ ಪಕ್ಕದವರ ಕಿಟಕಿಯ ಕಡೆ ತಿರುಗಿರದೆ ಮಾಡಿಗಿಂತ ಮೇಲಕ್ಕೆ ಹೋಗಲಿ, ಒಳಗಿನ ಮಸಿಯನ್ನು ಆಗಾಗ ಕೆರೆಸಿ.

ಹೊಗೆ ಬಿಡುವವರು ಪಕ್ಕದವರಾದರೆ? ಮೊದಲು ಹೋಗಿ ಮಾತಾಡಿ, ಅದೂ ಒಲೆ ಉರಿಯದ ಹೊತ್ತಿನಲ್ಲಿ. ಮನೆಯ ಸೌದೆ ಒಲೆಯನ್ನೇ ನಿಷೇಧಿಸುವ ಕಾನೂನು ನಮ್ಮಲ್ಲಿಲ್ಲ. ರಸ್ತೆಯಲ್ಲಿ ಕಸ ಸುಟ್ಟರೆ ಮಾತ್ರ ನಗರಸಭೆಗೆ ನೇರವಾಗಿ ದೂರು ಕೊಡಬಹುದು. ಇಡೀ ಓಣಿಗೇ ಹೊಗೆಯ ಕಾಟ ಅನ್ನುವುದಾದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಪ್ರಕಾರ ಉಪವಿಭಾಗಾಧಿಕಾರಿಗೆ ಅರ್ಜಿ ಹಾಕಬಹುದು. ಇದು ಸಾರ್ವಜನಿಕ ತೊಂದರೆಗೆ ಇರುವ ಕಲಂ, ಆದ್ದರಿಂದ ನಾಲ್ಕಾರು ಮನೆಯವರು ಸೇರಿ ಸಹಿ ಮಾಡಿ, ಯಾವ ಹೊತ್ತಿಗೆ ಎಷ್ಟು ಹೊತ್ತು ಹೊಗೆ ಬರುತ್ತದೆ ಅಂತ ಬರೆದು, ಫೋಟೊ ಲಗತ್ತಿಸಿ.