ಸೊಸೆಯ ಪರ್ಮಿಟ್, ತಾತನ ಹೆಸರಿನ ಕರೆಂಟ್ ಬಿಲ್

ನನ್ನ ಹೆಂಡತಿ ಭಾರತದಲ್ಲಿ ಇರಲು ಬೇಕಾದ ಪರ್ಮಿಟ್ ನವೀಕರಿಸಬೇಕಿತ್ತು. ಪಾಸ್‌ಪೋರ್ಟ್, ವೀಸಾ, ಮದುವೆ ಸರ್ಟಿಫಿಕೇಟ್ ಎಲ್ಲವೂ ನಮ್ಮ ಹತ್ತಿರ ಸರಿಯಾಗಿತ್ತು. ಸರಿಯಿಲ್ಲದಿದ್ದದ್ದು ಮನೆಯ ಕರೆಂಟ್ ಬಿಲ್. ಅದು ಇನ್ನೂ ತಾತನ ಹೆಸರಿನಲ್ಲೇ ಬರುತ್ತಿತ್ತು. ತಾತ ತೀರಿಕೊಂಡು ಹದಿನೈದು ವರ್ಷವಾಗಿತ್ತು.

ಅವಳು ಫಿಲಿಪ್ಪೀನ್ಸ್‌ನವಳು. ದುಬೈನಲ್ಲಿ ಒಂದೇ ಹೋಟೆಲಿನಲ್ಲಿ ಇಬ್ಬರೂ ಕೆಲಸಕ್ಕಿದ್ದೆವು. 2023ರಲ್ಲಿ ಅವಳ ಊರಿನಲ್ಲೇ ಮದುವೆಯಾದೆವು. ಅಪ್ಪನಿಗೆ ತೋಟ ನೋಡಿಕೊಳ್ಳುವುದು ಕಷ್ಟವಾಗಿತ್ತು. ಹಾಗಾಗಿ ಆ ವರ್ಷವೇ ಕೊಡಗಿನ ಶನಿವಾರಸಂತೆ ಹತ್ತಿರದ ನಮ್ಮ ಮನೆಗೆ ಬಂದುಬಿಟ್ಟೆವು. ಮನಿಲಾದ ಭಾರತೀಯ ರಾಯಭಾರ ಕಚೇರಿಯಲ್ಲಿ ಅವಳಿಗೆ ಒಂದು ವರ್ಷದ ಎಂಟ್ರಿ ವೀಸಾ ಸಿಕ್ಕಿತ್ತು. 180 ದಿನಕ್ಕಿಂತ ಜಾಸ್ತಿ ಅವಧಿಯ ಇಂಥ ವೀಸಾದಲ್ಲಿ ಬಂದವರು 14 ದಿನದೊಳಗೆ ನೋಂದಣಿ ಮಾಡಿಸಬೇಕು. ಅದನ್ನು ಮಾಡಿಸಿ ರೆಸಿಡೆನ್ಶಿಯಲ್ ಪರ್ಮಿಟ್ ತೆಗೆದುಕೊಂಡಿದ್ದೆವು. ವೀಸಾ, ಪರ್ಮಿಟ್ ಎರಡೂ 2024ರ ಜುಲೈ ಕೊನೆಗೆ ಮುಗಿಯುವುದಿತ್ತು.

ಜುಲೈ ಅಂದರೆ ನಮ್ಮಲ್ಲಿ ಮಳೆಗಾಲದ ನಡುಮಧ್ಯ. ಮರ ಬಿದ್ದು ಲೈನ್ ತುಂಡಾದರೆ ಮೂರು ನಾಲ್ಕು ದಿನ ಕರೆಂಟ್ ಇರುವುದಿಲ್ಲ. ಕರೆಂಟ್ ಹೋದರೆ ಟವರ್ ಕೂಡ ಹೋಗುತ್ತದೆ. ಆದ್ದರಿಂದ ಮೇ ಮೊದಲ ವಾರದಲ್ಲೇ ಕೆಲಸ ಶುರು ಮಾಡಿದೆವು. ಮನೆಯಲ್ಲಿ ಕೆಲವರು ಅಷ್ಟು ಬೇಗ ಯಾಕೆ ಅಂದರು. ಮಾಡಿದ್ದು ಒಳ್ಳೆಯದೇ ಆಯಿತು. ನಿಮ್ಮ ಮನೆಯಲ್ಲೂ ಮಳೆಗಾಲಕ್ಕೆ ಮುಗಿಯುವ ಪರ್ಮಿಟ್ ಇದ್ದರೆ ಮುಂಗಾರು ಬರುವ ಮೊದಲೇ ಕಾಗದ ಜೋಡಿಸಿಕೊಳ್ಳಿ.

ಅರ್ಜಿ ಹಾಕುವುದು ಇ-ಎಫ್‌ಆರ್‌ಆರ್‌ಒ ಅನ್ನುವ, ವಿದೇಶಿಯರ ನೋಂದಣಿಯ ಸರ್ಕಾರಿ ವೆಬ್‌ಸೈಟಿನಲ್ಲಿ. 2018ರಿಂದ ಈ ವ್ಯವಸ್ಥೆ ಇದೆ. ಕೊಡಗಿನಲ್ಲಿ ವಿದೇಶಿಯರ ನೋಂದಣಿ ಅಧಿಕಾರಿ ಅಂದರೆ ಜಿಲ್ಲಾ ಎಸ್‌ಪಿ, ಕಚೇರಿ ಮಡಿಕೇರಿಯಲ್ಲಿ. ಆದರೆ ಅವರು ಕರೆದರೆ ಮಾತ್ರ ಹೋಗಬೇಕು. ಕಾಗದವೆಲ್ಲ ಸ್ಕ್ಯಾನ್ ಮಾಡಿ ಹಾಕಿ, ಶುಲ್ಕವನ್ನೂ ಅಲ್ಲೇ ಕಟ್ಟಿ, ಕೊನೆಗೆ ಪರ್ಮಿಟ್ ಇಮೇಲ್‌ನಲ್ಲೇ ಬರುತ್ತದೆ.

ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು. ಆ ಅಕೌಂಟ್ ಅವಳ ಇಮೇಲ್‌ನಲ್ಲಿ, ಅವಳ ಪಾಸ್‌ವರ್ಡ್‌ನಲ್ಲಿ ಇದೆ. ಮೊದಲ ಸಲ ನೋಂದಣಿ ಮಾಡಿದಾಗ ನನ್ನ ಇಮೇಲ್ ಕೊಡೋಣ ಅಂದಿದ್ದೆ. ಅವಳು ಬೇಡ ಅಂದಳು. ಅವಳು ಅಂದಿದ್ದೇ ಸರಿ. ಬೇರೆ ದೇಶದಲ್ಲಿ ಬಂದು ಇರುವವರಿಗೆ ತಾವು ಇಲ್ಲಿರುವುದಕ್ಕೆ ಆಧಾರವಾದ ಕಾಗದ ಗಂಡನ ಫೋನಿನಲ್ಲಿ ಇದೆ ಅಂದರೆ ಎಷ್ಟು ಕಷ್ಟ ಅಲ್ವಾ? ನಾನೂ ಎಂಟು ವರ್ಷ ದುಬೈನಲ್ಲಿ ಇದ್ದವನು. ಅಲ್ಲಿ ನನ್ನ ವೀಸಾ ಕಂಪನಿ ಕೈಯಲ್ಲಿತ್ತು. ಆ ಭಯ ಹೇಗಿರುತ್ತದೆ ಅಂತ ಗೊತ್ತಿದ್ದೂ ನನಗೆ ಹೊಳೆದಿರಲಿಲ್ಲ.

ಇನ್ನು ಕಾಗದಗಳ ವಿಷಯ. ಪಾಸ್‌ಪೋರ್ಟ್, ವೀಸಾ, ಹಳೆಯ ಪರ್ಮಿಟ್, ಬಿಳಿ ಹಿನ್ನೆಲೆಯ ಫೋಟೋ. ಇವು ಒಂದು ಗಂಟೆಯ ಕೆಲಸ. ಮದುವೆ ಸರ್ಟಿಫಿಕೇಟ್‌ಗೆ ಅವರ ದೇಶದಲ್ಲೇ ಅಪೊಸ್ಟಿಲ್ ಮುದ್ರೆ, ಅಂದರೆ ಕಾಗದ ಅಸಲಿ ಅಂತ ಬೇರೆ ದೇಶಗಳೂ ಒಪ್ಪುವ ಮುದ್ರೆ, ಹಾಕಿಸಿದ್ದೆವು. ಫಿಲಿಪ್ಪೀನ್ಸ್ 2019ರಲ್ಲಿ ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿದೆ. ಭಾರತ ಮೊದಲೇ ಸೇರಿತ್ತು. ಹಾಗಾಗಿ ಆ ಒಂದು ಮುದ್ರೆಯೇ ಸಾಕಾಯಿತು.

ಹೆಸರು ಸ್ವಲ್ಪ ತೊಂದರೆ ಕೊಟ್ಟಿತು. ಫಿಲಿಪ್ಪೀನ್ಸ್‌ನವರ ಹೆಸರಿನಲ್ಲಿ ನಡುವೆ ಬರುವುದು ತಾಯಿಯ ತವರಿನ ಮನೆತನದ ಹೆಸರು, ಕೊನೆಗೆ ಬರುವುದು ಅಪ್ಪನ ಮನೆತನದ್ದು. ನಮ್ಮವರಿಗೆ ಆ ನಡುವಿನ ಹೆಸರು ಬೇಡದ್ದು ಅನ್ನಿಸುತ್ತದೆ. ಬಿಟ್ಟುಬಿಡುತ್ತಾರೆ. ಹಾಗೆ ಬಿಡಬೇಡಿ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಪ್ರತಿ ಕಾಗದದಲ್ಲೂ ಹಾಗೇ ಬರೆಯಿಸಿ. ನನ್ನ ಹೆಸರಿನದು ಇನ್ನೊಂದು ಕಥೆ. ಆಧಾರ್‌ನಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಪೂರ್ತಿ. ಎರಡೂ ನಾನೇ ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಬೇಕಾಯಿತು. ಅದಕ್ಕಿಂತ ಮುಖ್ಯವಾಗಿ ಆಧಾರ್‌ನಲ್ಲಿ ನನ್ನ ವಿಳಾಸ ಬೆಂಗಳೂರಿನ ಹಳೆಯ ಪಿಜಿಯದ್ದಾಗಿತ್ತು. ಹೆಂಡತಿ ಶನಿವಾರಸಂತೆಯಲ್ಲಿ, ಗಂಡ ಕಾಗದದಲ್ಲಿ ಬೆಂಗಳೂರಿನಲ್ಲಿ! ಮದುವೆಯ ಆಧಾರದ ಮೇಲೆ ವೀಸಾ ಕೇಳುವವರಿಗೆ ಇದು ಚಿಕ್ಕ ವಿಷಯವಲ್ಲ. ಮೊದಲು ಅದನ್ನು ಬದಲಾಯಿಸಿದೆ.

ಆಮೇಲೆ ಮನೆಯ ವಿಳಾಸಕ್ಕೆ ದಾಖಲೆ. ಪಟ್ಟಣದಲ್ಲಿದ್ದರೆ ಬಾಡಿಗೆ ಕರಾರು ಕೊಟ್ಟರೆ ಮುಗಿಯಿತು. ನಮ್ಮ ಕಡೆ ಹೆಚ್ಚಿನ ಮನೆಗಳು ತೋಟದ ನಡುವೆ ಇವೆ. ಪಹಣಿ ತಾತನ ಹೆಸರಿನಲ್ಲೋ, ಅಣ್ಣ ತಮ್ಮಂದಿರೆಲ್ಲರ ಹೆಸರಿನಲ್ಲೋ ಇರುತ್ತದೆ. ಯಾರೂ ಜಗಳವಾಡದಿದ್ದರೆ ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮಾಡಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಕೊಯ್ಲು, ಕಪಾತು, ಗೊಬ್ಬರ ಅಂತ ವರ್ಷ ಕಳೆದುಹೋಗುತ್ತದೆ. ನಮ್ಮಲ್ಲೂ ಹಾಗೇ ಆಗಿತ್ತು. ಪಹಣಿ, ಕರೆಂಟ್ ಬಿಲ್, ಮನೆ ಕಂದಾಯ ಮೂರೂ ತಾತನ ಹೆಸರಿನಲ್ಲಿ.

ಪೌತಿ ಖಾತೆಗೆ ಕಾಯುತ್ತಾ ಕೂತರೆ ಜುಲೈ ದಾಟುತ್ತಿತ್ತು. ಹಾಗಾಗಿ ನಾವು ಒಂದು ಸರಪಳಿ ಮಾಡಿದೆವು. ತಾತನ ಹೆಸರಿನ ಕರೆಂಟ್ ಬಿಲ್. ಅದರ ಹಿಂದೆ ತಾತನ ಮರಣ ಪ್ರಮಾಣಪತ್ರ. ಅದರ ಹಿಂದೆ ನಾಡಕಚೇರಿಯಿಂದ ವಂಶವೃಕ್ಷ, ಅದರಲ್ಲಿ ಅಪ್ಪನೂ ನಾನೂ ಇದ್ದೇವೆ. ಆಮೇಲೆ ಈ ಮನೆಯಲ್ಲಿ ಇಂಥವರು ವಾಸವಿದ್ದಾರೆ ಅಂತ ಗ್ರಾಮ ಪಂಚಾಯಿತಿಯ ಪತ್ರ. ಕೊನೆಗೆ, ಮಗ ಸೊಸೆ ನನ್ನ ಜೊತೆ ನನ್ನ ಮನೆಯಲ್ಲೇ ಇದ್ದಾರೆ ಅಂತ ಅಪ್ಪನ ಅಫಿಡವಿಟ್, ಅಪ್ಪನ ಆಧಾರ್. ಇದೆಲ್ಲವನ್ನೂ ಇದೇ ಕ್ರಮದಲ್ಲಿ ಒಂದೇ ಪಿಡಿಎಫ್ ಮಾಡಿ, ಮೇಲೆ ಅರ್ಧ ಪುಟದ ವಿವರಣೆ ಇಟ್ಟೆವು. ಬಿಲ್ಲಿನಲ್ಲಿರುವ ಹೆಸರು ಯಾರದ್ದು, ಅವರಿಗೂ ನಮಗೂ ಏನು ಸಂಬಂಧ ಅಂತ ಸರಳವಾಗಿ ಬರೆದಿದ್ದೆವು. ನನ್ನ ಪ್ರಕಾರ ನಮ್ಮ ಅರ್ಜಿ ನಿಂತದ್ದೇ ಆ ಅರ್ಧ ಪುಟದ ಮೇಲೆ. ಎಲ್ಲೋ ಕೂತು ಅರ್ಜಿ ನೋಡುವವರಿಗೆ ನಮ್ಮ ಮನೆತನದ ಕಥೆ ಗೊತ್ತಿರುವುದಿಲ್ಲ. ನಾವೇ ಹೇಳಬೇಕು.

ವಂಶವೃಕ್ಷಕ್ಕೆ ಅಪ್ಪ ಮೂರು ಸಲ ಓಡಾಡಿದರು. ಮೊಣಕಾಲು ನೋವಿದ್ದರೂ ನಾನು ಹೋಗುತ್ತೇನೆ ಅಂದರೆ ಬಿಡಲಿಲ್ಲ. "ನನ್ನ ಅಪ್ಪನ ಕಾಗದ, ನಾನೇ ತರ್ತೀನಿ" ಅಂದರು.

ಜೂನ್ ಎರಡನೇ ವಾರ ಅರ್ಜಿ ಹಾಕಿದೆವು. ಹತ್ತು ದಿನದ ಮೇಲೆ ಇಮೇಲ್ ಬಂತು. ಇನ್ನೊಂದು ಕಾಗದ ಬೇಕು, ಅವಳ ಖರ್ಚಿಗೆ ನಾನು ಜವಾಬ್ದಾರ ಅಂತ ನನ್ನ ಸಹಿಯ ಪತ್ರ. ಇಂಥ ಇಮೇಲ್ ಬಂದರೆ ಗಾಬರಿಯಾಗಬೇಡಿ, ಅರ್ಜಿ ತಿರಸ್ಕಾರವಾಯಿತು ಅಂತಲ್ಲ. ಆದರೆ ಉತ್ತರ ತಡ ಮಾಡಬೇಡಿ. ಆ ವಾರ ಮನೆಯಲ್ಲಿ ನೆಟ್‌ವರ್ಕ್ ಇರಲಿಲ್ಲ. ಬೈಕಿನಲ್ಲಿ ಸೋಮವಾರಪೇಟೆಗೆ ಹೋಗಿ ಸೈಬರ್ ಸೆಂಟರಿನಲ್ಲಿ ಕೂತು ಅವಳು ಅಪ್‌ಲೋಡ್ ಮಾಡಿದಳು. ರೇನ್‌ಕೋಟ್ ಒಳಗೆ ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ಇಟ್ಟುಕೊಂಡು ಹೋಗಿದ್ದೆವು.

ಆಮೇಲೆ ಒಂದು ಮಧ್ಯಾಹ್ನ ಠಾಣೆಯಿಂದ ಇಬ್ಬರು ವಿಚಾರಣೆಗೆ ಬಂದರು. ನಿಜವಾಗಿ ಗಂಡ ಹೆಂಡತಿ ಒಟ್ಟಿಗೆ ಇದ್ದಾರಾ ಅಂತ ನೋಡಬೇಕಲ್ಲ. ಮದುವೆ ಫೋಟೋ ತೋರಿಸಿದೆವು, ಮೂಲ ಕಾಗದ ತೋರಿಸಿದೆವು. ಹೋಗುವಾಗ ಪಕ್ಕದ ಮನೆಯ ದೊಡ್ಡಮ್ಮನನ್ನೂ ಕೇಳಿದರು.

"ಈ ಮೇಡಂ ಇಲ್ಲೇ ಇರ್ತಾರಾ ಅಮ್ಮ?"

"ಇಲ್ಲದೆ ಮತ್ತೆ? ದಿನಾ ಬೆಳಿಗ್ಗೆ ಡೈರಿಗೆ ಹಾಲು ಹಾಕೋದು ಅವಳೇ. ನಮ್ಮ ಹಾಲೂ ಅವಳೇ ತಗೊಂಡು ಹೋಗ್ತಾಳೆ."

ಪೊಲೀಸರು ಅದನ್ನು ಬರೆದುಕೊಂಡರು. ನನ್ನ ಹೆಂಡತಿ ಒಳಗೆ ನಿಂತು ಕೇಳಿಸಿಕೊಂಡಿದ್ದಳು. ಸಂಜೆ ಅವಳ ಅಮ್ಮನಿಗೆ ಫೋನ್ ಮಾಡಿದಾಗ ಮೊದಲು ಹೇಳಿದ್ದೇ ಇದನ್ನು.

ಜುಲೈ ಮೂರನೇ ವಾರ ವಿಸ್ತರಣೆಯಾದ ಪರ್ಮಿಟ್ ಬಂತು. ಬಂದ ತಕ್ಷಣ ಹೆಸರು, ಪಾಸ್‌ಪೋರ್ಟ್ ನಂಬರ್, ದಿನಾಂಕ ಒಂದೊಂದೇ ಅಕ್ಷರ ಓದಿ ನೋಡಿದೆವು. ನೀವೂ ಹಾಗೇ ಮಾಡಿ. ತಪ್ಪಿದ್ದರೆ ಅವತ್ತೇ ತಿಳಿಸಬೇಕು, ವಿಮಾನ ನಿಲ್ದಾಣದಲ್ಲಿ ಗೊತ್ತಾದರೆ ತುಂಬಾ ಕಷ್ಟ. ಅವಧಿ ಮುಗಿದ ಮೇಲೂ ಉಳಿದುಬಿಟ್ಟರೆ ದಂಡವಿದೆ, ದೇಶ ಬಿಡುವುದಕ್ಕೂ ಅನುಮತಿ ತೆಗೆದುಕೊಳ್ಳಬೇಕು. ಪಾಸ್‌ಪೋರ್ಟ್ ಬದಲಾದರೂ, ಮನೆ ಬದಲಾದರೂ ತಿಳಿಸಬೇಕು.

ಜನ ಮರೆಯುವ ಇನ್ನೆರಡು ವಿಷಯಗಳಿವೆ. ಒಂದು, ಆಗ ಸಿ ಫಾರಂ ಅನ್ನುತ್ತಿದ್ದ, ವಿದೇಶಿಯರು ಬಂದು ಉಳಿದರೆ ಮನೆಯವರು ಕೊಡಬೇಕಾದ ಮಾಹಿತಿಯ ಫಾರಂ. ಅದು ಹೋಂಸ್ಟೇಯವರಿಗೆ ಮಾತ್ರ ಅಂತ ನಮ್ಮಲ್ಲಿ ನಂಬಿಕೆ. ಮನೆಗೆ ನೆಂಟರಾಗಿ ವಿದೇಶಿಯರು ಬಂದರೂ 24 ಗಂಟೆಯೊಳಗೆ ತುಂಬಬೇಕು. ಅವಳ ತಂಗಿ ಬಂದಾಗ ಪಕ್ಕದ ಹೋಂಸ್ಟೇ ಅಣ್ಣನೇ ಕೂತು ಹೇಳಿಕೊಟ್ಟರು. ಇನ್ನೊಂದು ಬೈಲಕುಪ್ಪೆ. ಕುಶಾಲನಗರದಿಂದ ಹೊಳೆ ದಾಟಿದರೆ ಸಿಗುವ ಟಿಬೆಟನ್ ಕ್ಯಾಂಪ್. ಹಗಲು ಹೋಗಿ ಗೋಲ್ಡನ್ ಟೆಂಪಲ್ ನೋಡಿ ಬರಬಹುದು. ರಾತ್ರಿ ಉಳಿಯಬೇಕಾದರೆ ವಿದೇಶಿಯರಿಗೆ ಬೇರೆಯೇ ಪರ್ಮಿಟ್ ಬೇಕು. ಅವಳ ತಂಗಿಗೆ ಅಲ್ಲೇ ಒಂದು ರಾತ್ರಿ ಇರುವ ಆಸೆಯಿತ್ತು. ಸಂಜೆ ವಾಪಸ್ ಕರೆದುಕೊಂಡು ಬಂದೆವು.

ಎಂಟ್ರಿ ವೀಸಾದಲ್ಲಿ ಸಂಬಳದ ಕೆಲಸ ಮಾಡುವ ಹಾಗಿಲ್ಲ. ಇದು ಅವಳಿಗೆ ತುಂಬಾ ಬೇಸರ ತಂದಿತ್ತು. ಹನ್ನೊಂದು ವರ್ಷ ಅಡುಗೆಮನೆ ನಡೆಸಿದವಳು. ಹತ್ತಿರದ ರೆಸಾರ್ಟಿನವರು ಕೆಲಸಕ್ಕೆ ಕರೆದಾಗ ಇಲ್ಲ ಅನ್ನಬೇಕಾಯಿತು. ಪರ್ಮಿಟ್ ಕೈಗೆ ಬಂದ ದಿನವೂ ಅವಳ ಮುಖದಲ್ಲಿ ಪೂರ್ತಿ ಖುಷಿ ಇರಲಿಲ್ಲ. ಆ ಬೇಸರ ನ್ಯಾಯವಾದದ್ದು.

ಮದುವೆ ನೋಂದಣಿಯಾಗಿ ಎರಡು ವರ್ಷ ಒಟ್ಟಿಗೆ ಬಾಳಿದ ಮೇಲೆ ಓಸಿಐ ಕಾರ್ಡ್‌ಗೆ, ಅಂದರೆ ವಿದೇಶಿ ಪಾಸ್‌ಪೋರ್ಟ್ ಇಟ್ಟುಕೊಂಡೇ ಇಲ್ಲಿ ದೀರ್ಘಕಾಲ ಇರಲು ಬಿಡುವ ಕಾರ್ಡ್‌ಗೆ, ಅರ್ಜಿ ಹಾಕಬಹುದು. ಇಲ್ಲಿಂದಲೇ ಹಾಕಿದರೆ ಶುಲ್ಕ 15,000 ರೂಪಾಯಿ. ಅದು ಸಿಕ್ಕರೆ ಈ ಪರ್ಮಿಟ್ ನವೀಕರಣ ಬೇಡ, ಕೆಲಸಕ್ಕೂ ಹೋಗಬಹುದು. ಆದರೆ ಕೃಷಿ ಜಮೀನು, ತೋಟ ಖರೀದಿಸುವ ಹಾಗಿಲ್ಲ, ಅವಳ ಹೆಸರಿಗೆ ದಾನಪತ್ರ ಮಾಡಿಕೊಡುವುದೂ ಆಗುವುದಿಲ್ಲ. ಸೊಸೆ ಹೆಸರಿಗೆ ಒಂದು ಎಕರೆ ಬರೆಯಬೇಕು ಅಂತ ಅಪ್ಪನ ಮನಸ್ಸಿನಲ್ಲಿತ್ತು. ನಾನು ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದ್ರೆ ಹೊಳೆ ಬದಿ ಮೆಣಸಿನ ದುಡ್ಡು ಅವಳ ಅಕೌಂಟಿಗೆ ಹಾಕು" ಅಂದರು.

ಪೌತಿ ಖಾತೆ ಕೊನೆಗೂ ಆಯಿತು. ಹೋದ ತಿಂಗಳು ಕರೆಂಟ್ ಬಿಲ್ ಅಪ್ಪನ ಹೆಸರಿನಲ್ಲಿ ಬಂತು. ಅವಳು ಅದನ್ನು ಸ್ಕ್ಯಾನ್ ಮಾಡಿ ತನ್ನ ಫೋಲ್ಡರಿಗೆ ಹಾಕಿಕೊಂಡಳು. ತಾತನ ಹೆಸರಿನ ಕೊನೆಯ ಬಿಲ್ ಅಮ್ಮನ ಹತ್ತಿರ ಇದೆ.